ಹಳೆಯ ಕಾರಿಗೆ ಹೊಸ ಬಲ: ಮೊದಲ ರೂಪಾಯಿ ಎಲ್ಲಿಗೆ ಸಲ್ಲಬೇಕು?

ಹೆಣಿಗೆ ಕಾರ್ಖಾನೆಯಲ್ಲೋ ಪಂಪ್ ತಯಾರಿಕಾ ಘಟಕದಲ್ಲೋ ದುಡಿದು ನಾಲ್ಕು ಕಾಸು ಉಳಿಸಿದ ಯುವಕರು ಹದಿನೈದು ಇಪ್ಪತ್ತು ವರ್ಷ ಹಳೆಯದಾದ ಮಾರುತಿ ಎಸ್ಟೀಮ್, ಝೆನ್ ಅಥವಾ ಮೊದಲ ಪೀಳಿಗೆಯ ಸ್ವಿಫ್ಟ್ ಕಾರನ್ನು ಕೊಂಡು, ಅದನ್ನು ತಮ್ಮ ಕೈಯಾರೆ ತಿದ್ದಿ ವೇಗದ ಕಾರಾಗಿಸಲು ಹೊರಡುವುದು ಕೊಯಮತ್ತೂರು ಹಾಗೂ ತಿರುಪ್ಪೂರು ಜಿಲ್ಲೆಗಳಲ್ಲಿ ಇಂದು ಅಪರೂಪವಲ್ಲ. ಮಗ್ಗದ ಸದ್ದಿನ ನಡುವೆ ಬೆಳೆದ ದೇವಾಂಗ ಮನೆಗಳ ಮಕ್ಕಳೂ, ಒಕ್ಕಲುತನದ ಮನೆಗಳ ಮಕ್ಕಳೂ ಇವರಲ್ಲಿದ್ದಾರೆ. ಇಂತಹ ಕಾರನ್ನು ಅವರು ‘ಪ್ರಾಜೆಕ್ಟ್ ಕಾರ್’ ಎಂದು ಕರೆಯುತ್ತಾರೆ. ಹವ್ಯಾಸ ಒಳ್ಳೆಯದೇ. ಆದರೆ ಮೊದಲ ತಿಂಗಳಲ್ಲೇ ಹೊಳೆಯುವ ಏರ್ ಫಿಲ್ಟರ್ ಮತ್ತು ಗುಡುಗುವ ಸೈಲೆನ್ಸರ್‌ಗೆ ಉಳಿತಾಯವೆಲ್ಲ ಕರಗಿ, ಆರನೆಯ ತಿಂಗಳಲ್ಲಿ ಕಾರು ಹಿತ್ತಲಿನ ತಾಡಪಾಲಿನಡಿ ಸೇರುವುದನ್ನೂ ನಾವು ಕಾಣುತ್ತಿದ್ದೇವೆ. ಆದುದರಿಂದ ಎಂಜಿನ್‌ನ ಸಾಮರ್ಥ್ಯವನ್ನು ಹೆಚ್ಚಿಸುವ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಈ ಹವ್ಯಾಸಕ್ಕೆ ಕೊಯಮತ್ತೂರಿಗಿಂತ ತಕ್ಕ ನೆಲ ದಕ್ಷಿಣ ಭಾರತದಲ್ಲಿ ವಿರಳ. ಬಸ್ಸು ಸಾರಿಗೆಯಿಂದ ಬದುಕು ಆರಂಭಿಸಿದ ಜಿ. ಡಿ. ನಾಯ್ಡು ಅವರೂ ಟೆಕ್ಸ್‌ಟೂಲ್ ಸಂಸ್ಥೆಯ ಡಿ. ಬಾಲಸುಂದರಂ ಅವರೂ 1937ರಲ್ಲಿ ಸ್ವದೇಶಿ ವಿದ್ಯುತ್ ಮೋಟಾರನ್ನು ರೂಪಿಸಿದ ಊರು ಇದು. ಮೋಟಾರು, ಪಂಪ್, ಎರಕ ಮತ್ತು ಜವಳಿ ಯಂತ್ರಗಳ ಉದ್ಯಮ ಬೆಳೆದಂತೆ ಗಣಪತಿ, ಪೀಳಮೇಡು, ಆವಾರಂಪಾಳಯಂ ಭಾಗಗಳಲ್ಲಿ ಸಣ್ಣಪುಟ್ಟ ಲೇತ್ ಕಾರ್ಯಾಗಾರಗಳೂ ಬೆಳೆದವು. ಇಲ್ಲಿಯವರೇ ಆದ ಎಸ್. ಕರಿವರ್ಧನ್ ಅವರು ‘ಫಾರ್ಮುಲಾ ಮಾರುತಿ’ ಎಂಬ ರೇಸ್ ಕಾರನ್ನು ವಿನ್ಯಾಸಗೊಳಿಸಿದಾಗ ಅದಕ್ಕೆ ಬಳಸಿದ್ದು ಮಾರುತಿ 800ರ ಎಂಜಿನ್ನನ್ನೇ. ಮುಂದೆ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರ ಮೊದಲ ಸ್ಪರ್ಧೆಯೂ ಅದೇ ಬಗೆಯ ಕಾರಿನಲ್ಲಿ ನಡೆಯಿತು. 796 ಸಿಸಿಯ, ಮನೆಬಳಕೆಯ ಪುಟ್ಟ ಎಂಜಿನ್ ಅದು. ಕಾರು ಹಗುರವಾಗಿತ್ತು, ಎಂಜಿನ್ ಸುಸ್ಥಿತಿಯಲ್ಲಿತ್ತು. ಕಲಿಯುವವನಿಗೆ ಅಷ್ಟು ಸಾಕಾಗಿತ್ತು.

ಎಂಜಿನ್‌ನಲ್ಲಿ ಬಲ ಹುಟ್ಟುವ ಬಗೆ ಸರಳ. ಗಾಳಿ ಹೆಚ್ಚು ಒಳಬರಬೇಕು, ಅದಕ್ಕೆ ತಕ್ಕ ಇಂಧನ ಬೆರೆಯಬೇಕು, ಕಿಡಿ ಸಕಾಲದಲ್ಲಿ ಹತ್ತಬೇಕು, ಉರಿದ ಅನಿಲ ಸರಾಗವಾಗಿ ಹೊರಹೋಗಬೇಕು. ಇದಕ್ಕೆ ಎಸ್ಟೀಮ್ ಕಾರಿನ ಚರಿತ್ರೆಯೇ ಒಳ್ಳೆಯ ಪಾಠ. 1994ರಲ್ಲಿ ಬಂದ ಎಸ್ಟೀಮ್‌ನ 1298 ಸಿಸಿ ಎಂಜಿನ್ ಕಾರ್ಬ್ಯುರೇಟರ್‌ನೊಂದಿಗೆ ಸುಮಾರು 65 ಅಶ್ವಶಕ್ತಿ ನೀಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದೇ ಗಾತ್ರದ ಎಂಜಿನ್‌ಗೆ ಪ್ರತಿ ಸಿಲಿಂಡರ್‌ಗೆ ನಾಲ್ಕು ವಾಲ್ವ್‌ಗಳೂ ಇಂಧನ ಇಂಜೆಕ್ಷನ್ನೂ ಬಂದಾಗ ಶಕ್ತಿ ಸುಮಾರು 85ಕ್ಕೆ ಏರಿತು. ಗಾತ್ರ ಒಂದು ಸಿಸಿಯಷ್ಟೂ ಹಿಗ್ಗದೆ, ಉಸಿರಾಟ ಸುಧಾರಿಸಿದ್ದರಿಂದಲೇ ದೊರೆತ ಫಲವಿದು. ಆದರೆ ಇದರ ಹಿಂದೆ ಹೊಸ ಸಿಲಿಂಡರ್ ಹೆಡ್, ಹೊಸ ಮ್ಯಾನಿಫೋಲ್ಡ್, ಹೊಸ ಇಂಧನ ವ್ಯವಸ್ಥೆ, ಜೊತೆಗೆ ಒಂದು ದೊಡ್ಡ ಕಂಪನಿಯ ತಂತ್ರಜ್ಞರ ಶ್ರಮವಿತ್ತೆಂಬುದನ್ನು ಮರೆಯಲಾಗದು. ಒಂದೇ ಒಂದು ಫಿಲ್ಟರ್ ಬದಲಿಸಿ ಇಪ್ಪತ್ತು ಅಶ್ವಶಕ್ತಿ ಗಳಿಸಿದೆನೆಂದು ಯಾರಾದರೂ ಹೇಳಿದರೆ, ಅಳತೆಯ ಕಾಗದವನ್ನು ತೋರಿಸುವಂತೆ ಕೇಳಬೇಕು.

ಹಳೆಯ ಎಂಜಿನ್ ತನ್ನ ಮೂಲ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. 85 ಅಶ್ವಶಕ್ತಿಯ ಎಂಜಿನ್ ಸವೆದು 70ಕ್ಕೆ ಇಳಿದಿದ್ದರೆ, ಆ 15ನ್ನು ಮರಳಿ ಪಡೆಯುವುದೇ ಅತಿ ಅಗ್ಗದ ಮತ್ತು ಅತಿ ಸುರಕ್ಷಿತವಾದ ಉನ್ನತೀಕರಣ. ಆದುದರಿಂದ ಮೊದಲ ಖರ್ಚು ಪರೀಕ್ಷೆಗೆ ಸಲ್ಲಬೇಕು. ಕಂಪ್ರೆಷನ್ ಪರೀಕ್ಷೆಯನ್ನು ಯಾವ ಮೆಕ್ಯಾನಿಕ್ ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಬಲ್ಲರು. ಎಂಜಿನ್ ಬಿಸಿಯಾಗಿರಬೇಕು, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಕಳಚಿರಬೇಕು, ಕಿಡಿ ಮತ್ತು ಇಂಧನದ ಸಂಪರ್ಕ ತಪ್ಪಿಸಿರಬೇಕು. ಬಳಿಕ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ ಪ್ರತಿ ಸಿಲಿಂಡರ್‌ನ ಒತ್ತಡವನ್ನು ಬರೆದುಕೊಳ್ಳಬೇಕು. ನಾಲ್ಕು ಸಂಖ್ಯೆಗಳು ಪರಸ್ಪರ ಹತ್ತಿರವಿದ್ದು, ತಯಾರಕರ ಕೈಪಿಡಿಯ ಮಿತಿಯೊಳಗಿದ್ದರೆ ಎಂಜಿನ್ ಆರೋಗ್ಯವಾಗಿದೆಯೆಂದು ನಂಬಬಹುದು. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇಕಡಾ 10ಕ್ಕೂ ಹೆಚ್ಚು ಹಿಂದಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆಯೆಂದೂ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿ ಸೋರಿಕೆಯಿದೆಯೆಂದೂ ತಿಳಿಯುತ್ತದೆ. ಇಷ್ಟನ್ನೂ ಮಾಡದೆ ಭಾಗ ಕೊಳ್ಳಲು ಅಂಗಡಿಗೆ ಹೋಗುವುದು, ನಾಡಿ ಹಿಡಿಯದೆ ಔಷಧ ಬರೆದಂತೆ.

ಪರೀಕ್ಷೆಯ ನಂತರದ ಪಟ್ಟಿಯಲ್ಲಿ ಆಕರ್ಷಣೆಯೇನೂ ಇಲ್ಲ. ವಾಲ್ವ್ ಅಂತರದ ಹೊಂದಾಣಿಕೆ, ಹೊಸ ಪ್ಲಗ್‌ಗಳು, ಕಿಡಿಯ ಸಮಯದ ತಿದ್ದುಪಡಿ, ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರ್‌ನ ಶುದ್ಧೀಕರಣ, ರೇಡಿಯೇಟರ್, ಥರ್ಮೋಸ್ಟಾಟ್. ಟೈಮಿಂಗ್ ಬೆಲ್ಟನ್ನು ಹಿಂದಿನ ಮಾಲೀಕ ಯಾವಾಗ ಬದಲಿಸಿದನೆಂಬುದಕ್ಕೆ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ಭಾವಿಸಿ ಹೊಸದನ್ನು ಹಾಕಿಸುವುದು ಲೇಸು.

ರಿಂಗು ಸವೆದಿದ್ದರೆ ಎಂಜಿನ್ ಬಿಚ್ಚಲೇಬೇಕು. ತಮಿಳಿನಲ್ಲಿ ‘ಪಟ್ಟರೈ’ ಎನ್ನಲಾಗುವ ಲೇತ್ ಕಾರ್ಯಾಗಾರಗಳ ನಿಜವಾದ ಬೆಲೆ ತಿಳಿಯುವುದು ಆಗಲೇ. ಎಸ್ಟೀಮ್‌ನ ಸಿಲಿಂಡರ್ ವ್ಯಾಸ 74 ಮಿ.ಮೀ., ಪಿಸ್ಟನ್‌ನ ಓಟ 75.5 ಮಿ.ಮೀ. ವ್ಯಾಸವನ್ನು ಅರ್ಧ ಮಿ.ಮೀ. ಕೊರೆದು ಹಿಗ್ಗಿಸಿದರೆ ಒಟ್ಟು ಗಾತ್ರ ಸುಮಾರು 18 ಸಿಸಿ ಮಾತ್ರ ಹೆಚ್ಚುತ್ತದೆ. ಶೇಕಡಾ ಒಂದೂವರೆಗಿಂತಲೂ ಕಡಿಮೆ. ಹೀಗಾಗಿ ಬೋರ್ ಮಾಡಿಸುವುದು ಶಕ್ತಿಗಾಗಿ ಅಲ್ಲ, ಸವೆದ ಗೋಡೆಯನ್ನು ಮತ್ತೆ ದುಂಡಾಗಿಸಲು. ಶಕ್ತಿ ಸಿಗುವುದು ಅದರ ಜೊತೆಗಿನ ಸೂಕ್ಷ್ಮ ಕೆಲಸಗಳಲ್ಲಿ: ವಾಲ್ವ್ ಕೂರುವ ಪೀಠವನ್ನು ಮೂರು ಕೋನಗಳಲ್ಲಿ ಕತ್ತರಿಸುವುದು, ಸಿಲಿಂಡರ್ ಹೆಡ್‌ನ ಮೇಲ್ಮೈಯನ್ನು ಸಮತಟ್ಟಾಗಿಸುವುದು, ಮ್ಯಾನಿಫೋಲ್ಡ್‌ನ ಬಾಯಿ ಗ್ಯಾಸ್ಕೆಟ್‌ಗೆ ಸರಿಯಾಗಿ ಕೂಡುವಂತೆ ಉಜ್ಜುವುದು, ನಾಲ್ಕೂ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳ ತೂಕವನ್ನು ಒಂದೆರಡು ಗ್ರಾಂ ಒಳಗೆ ಸಮನಾಗಿಸುವುದು. ಹಾಸಿನ ಎಳೆಗಳಲ್ಲಿ ಬಿಗಿತ ಒಂದೇ ಸಮನಾಗಿರಬೇಕೆಂದು ಬಲ್ಲ ನೇಕಾರ ಮನೆತನದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಪೆಟ್ಟಿಗೆಯಲ್ಲಿ ಬರುವ ಯಾವ ವಿದೇಶಿ ಭಾಗಕ್ಕಿಂತಲೂ ಒಬ್ಬ ಒಳ್ಳೆಯ ಲೇತ್ ಕೆಲಸಗಾರನ ಎರಡು ದಿನದ ದುಡಿಮೆ ಆರಂಭಿಕನಿಗೆ ಹೆಚ್ಚು ಫಲ ಕೊಡುತ್ತದೆ.

ಇನ್ನು ಎಲ್ಲರ ಕಣ್ಣು ಬೀಳುವ ಏರ್ ಫಿಲ್ಟರ್. ಬಾನೆಟ್‌ನೊಳಗೆ ತೆರೆದಿಟ್ಟ ಶಂಕುವಿನಾಕಾರದ ಫಿಲ್ಟರ್ ಎಂಜಿನ್‌ನ ಬಿಸಿ ಗಾಳಿಯನ್ನೇ ಹೀರುತ್ತದೆ. ಗಾಳಿ ಸುಮಾರು 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದಂತೆಲ್ಲ ಅದರ ಸಾಂದ್ರತೆ ಶೇಕಡಾ 1ರಷ್ಟು ಕುಗ್ಗುತ್ತದೆ. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಹೊರಗಿನ ಗಾಳಿ 35 ಡಿಗ್ರಿಯಿದ್ದು ಬಾನೆಟ್‌ನೊಳಗೆ 65 ಇದ್ದರೆ, ಎಂಜಿನ್ ಪಡೆಯುವ ಗಾಳಿ ಶೇಕಡಾ 9ರಷ್ಟು ತೆಳುವಾಗಿರುತ್ತದೆ. ಸದ್ದು ಹೆಚ್ಚುತ್ತದೆ, ಬಲ ಕುಂದುತ್ತದೆ! ತಯಾರಕರು ಕೊಟ್ಟ ಪೆಟ್ಟಿಗೆಯನ್ನೇ ಉಳಿಸಿಕೊಂಡು, ಅದರ ಕೊಳವೆ ಮುಂಭಾಗದ ತಂಪು ಗಾಳಿಯನ್ನು ಸೆಳೆಯುವಂತಿದೆಯೇ ಎಂದು ನೋಡಿ, ಒಳಗೆ ಹೊಸ ಕಾಗದದ ಫಿಲ್ಟರ್ ಹಾಕಿದರೆ ಬಹುತೇಕ ಕಾರುಗಳಿಗೆ ಅಷ್ಟೇ ಸಾಕು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 410 ಮೀಟರ್ ಎತ್ತರದಲ್ಲಿದ್ದರೆ ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಐದನೆಯ ಒಂದು ಪಾಲಿನಷ್ಟು ಕಡಿಮೆ. ಮೇಟುಪಾಳಯದಲ್ಲಿ ಸೊಗಸಾಗಿ ಓಡುತ್ತಿದ್ದ ಕಾರ್ಬ್ಯುರೇಟರ್ ಕಾರು ಕುನ್ನೂರು ದಾಟುತ್ತಲೇ ಉಸಿರುಗಟ್ಟಿ ಕರಿಹೊಗೆ ಬಿಡುವುದು ಇದರಿಂದಲೇ. ಇಂಧನ ಅಷ್ಟೇ ಬರುತ್ತದೆ, ಗಾಳಿ ಸಾಲದು. ಇಂಜೆಕ್ಷನ್ ಇರುವ ಎಂಜಿನ್ ಮಿಶ್ರಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಘಟ್ಟದ ದಾರಿಯಲ್ಲಿ ಹೆಚ್ಚು ಓಡಾಡುವವರು ಕಾರ್ಬ್ಯುರೇಟರ್ ಕಾರಿನ ಬದಲು ಇಂಜೆಕ್ಷನ್ ಮಾದರಿಯನ್ನೇ ಆರಿಸಿಕೊಳ್ಳಲೆಂಬುದು ನಮ್ಮ ಸಲಹೆ.

ಹೊಗೆಕೊಳವೆಯ ವಿಷಯದಲ್ಲಿ ದಪ್ಪವಾದಷ್ಟೂ ಒಳಿತೆಂಬ ನಂಬಿಕೆ ತಪ್ಪು. ಕೊಳವೆ ಅತಿ ಅಗಲವಾದರೆ ಅನಿಲದ ವೇಗ ತಗ್ಗಿ, ಕಡಿಮೆ ಸುತ್ತಿನಲ್ಲಿ ಸಿಗಬೇಕಾದ ಟಾರ್ಕ್ ನಷ್ಟವಾಗುತ್ತದೆ. ಪೇಟೆಯ ಸಿಗ್ನಲ್‌ಗಳಲ್ಲಾಗಲಿ, ಆಳಿಯಾರಿನಿಂದ ವಾಲ್ಪಾರೈಗೆ ಏರುವ 40 ಕಡಿದಾದ ತಿರುವುಗಳಲ್ಲಾಗಲಿ ಬೇಕಾಗುವುದು ಆ ಟಾರ್ಕೇ. ಇದೇ ಮಾತು ತೀವ್ರ ಕ್ಯಾಮ್‌ಶಾಫ್ಟ್‌ಗಳಿಗೂ ಅನ್ವಯಿಸುತ್ತದೆ. ಅವು ಬಲವನ್ನು ಮೇಲಿನ ಸುತ್ತುಗಳಿಗೆ ಸರಿಸುತ್ತವೆ. ರೇಸ್ ಟ್ರ್ಯಾಕ್‌ನಲ್ಲಿ ಅದು ವರ, ಗಾಂಧಿಪುರದ ಸಂಜೆಯ ಸಂಚಾರದಲ್ಲಿ ಶಾಪ.

ಸಿಲಿಂಡರ್ ಹೆಡ್ ಕೆತ್ತಿಸಿ ಕಂಪ್ರೆಷನ್ ಹೆಚ್ಚಿಸಬಯಸುವವರು ಇಂಧನವನ್ನು ಮರೆಯಬಾರದು. ಒತ್ತಡ ಮಿತಿಮೀರಿದರೆ ಮಿಶ್ರಣ ಕಿಡಿಯ ಅಂಕೆ ಮೀರಿ ಸಿಡಿದು ‘ನಾಕಿಂಗ್’ ಉಂಟಾಗುತ್ತದೆ. ಪಿಸ್ಟನ್ ತೂತಾಗುವುದು ಹೀಗೆಯೇ. ಇದೀಗ ಬಂಕುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಎಥೆನಾಲ್ ನಾಕಿಂಗನ್ನು ತಡೆಯುತ್ತದೆ ನಿಜ, ಆದರೆ ಹಳೆಯ ಕಾರಿನ ರಬ್ಬರ್ ಕೊಳವೆ ಮತ್ತು ಸೀಲುಗಳು ಅದಕ್ಕೆಂದು ಮಾಡಿದವಲ್ಲ. ಕಾರ್ಬ್ಯುರೇಟರ್‌ನಲ್ಲಿ ಮಿಶ್ರಣವೂ ತೆಳುವಾಗುತ್ತದೆ. ಎಥೆನಾಲ್ ತಾಳಬಲ್ಲ ಇಂಧನ ಕೊಳವೆಗಳನ್ನು ಹಾಕಿಸುವುದು ಉನ್ನತೀಕರಣದ ಪಟ್ಟಿಯಲ್ಲಿ ಮೇಲಿರಬೇಕು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಆಗುವುದೇನೆಂದು ಬೇರೆ ಹೇಳಬೇಕಿಲ್ಲ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನ ಕಂಪ್ಯೂಟರ್ ತಿದ್ದಿದರೆ ಸಿಗುವ ಲಾಭ ಅಲ್ಪ. ಟರ್ಬೊ ಡೀಸೆಲ್‌ನಲ್ಲಿ ಲಾಭ ದೊಡ್ಡದೇ, ಆದರೆ ಆ ಹೊರೆ ಕ್ಲಚ್ ಮತ್ತು ಗೇರ್‌ಬಾಕ್ಸ್‌ನ ಮೇಲೆ ಬೀಳುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಜೋಡಿಸುವ ಕೆಲಸ ಮೊದಲ ಕಾರಿನಲ್ಲಿ ಬೇಡ.

ವೇಗದ ಲೆಕ್ಕವನ್ನೂ ನೋಡೋಣ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಎಂಜಿನ್‌ನ ಬಲ ಶೇಕಡಾ 20 ಹೆಚ್ಚಿದರೂ ಗರಿಷ್ಠ ವೇಗ ಹೆಚ್ಚುವುದು ಸುಮಾರು ಶೇಕಡಾ 6 ಮಾತ್ರ. ಇತ್ತ ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ಬದಲು 80ರಲ್ಲಿ ಬ್ರೇಕ್ ಒತ್ತಿದರೆ ದೂರ ಸುಮಾರು ಒಂದೂ ಮುಕ್ಕಾಲು ಪಟ್ಟು ಆಗುತ್ತದೆ. ಹಾಗಾಗಿ ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ನಾಲ್ಕನ್ನು ಎಂಜಿನ್‌ನ ಮೂಲ ಆರೋಗ್ಯಕ್ಕೆ, ನಾಲ್ಕನ್ನು ಟಯರ್, ಬ್ರೇಕ್ ಮತ್ತು ಸಸ್ಪೆನ್ಷನ್‌ಗೆ ಇಟ್ಟು, ಉಳಿದ ಎರಡರಲ್ಲಿ ಹೆಚ್ಚುವರಿ ಅಶ್ವಶಕ್ತಿಯನ್ನು ಹುಡುಕಬಹುದು.

ಗಡಿನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಕಾನೂನಿನದು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು; ನೆಂಟಸ್ತಿಕೆ ಇಂದಿಗೂ ದಿಂಬಂ ಘಟ್ಟದ ಆಚೆಗೂ ಈಚೆಗೂ ಹಬ್ಬಿದೆ. ಚಾಮರಾಜನಗರದ ಮಾವನ ಮನೆಯಲ್ಲಿ ನಿಂತಿದ್ದ ಕೆಎ-10 ಸಂಖ್ಯೆಯ ಹಳೆಯ ಕಾರು ಇಲ್ಲಿಗೆ ಬರುವುದು ಸಹಜ. ಆದರೆ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಕರ್ನಾಟಕದ ಸಾರಿಗೆ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ತಮಿಳುನಾಡಿನಲ್ಲಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಿ, ಇಲ್ಲಿಯ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; ಆಗಲೂ ವಾಹನದ ತಪಾಸಣೆ ಇದೆ.

ಗುಜರಿ ಕಾರಿನ 16 ವಾಲ್ವ್ ಎಂಜಿನ್ನನ್ನು ತಂದು ತಮ್ಮ ಕಾರಿಗೆ ಕೂರಿಸಿಕೊಂಡವರು ಸಿಕ್ಕಿಬೀಳುವುದು ಇಂತಹ ತಪಾಸಣೆಯಲ್ಲೇ. ನೋಂದಣಿ ಪತ್ರದ ಎಂಜಿನ್ ಸಂಖ್ಯೆಗೂ ಕಾರಿನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆ ಎಂಜಿನ್ ಕಳವಿನ ಕಾರಿನದಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಏರಬೇಕಾದೀತು. ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಪರಿಹಾರಕ್ಕೂ ಕುತ್ತಾಗಬಹುದು. ಮೂಲ ಎಂಜಿನ್ನನ್ನೇ ಉತ್ತಮ ಸ್ಥಿತಿಗೆ ತರುವ ಕೆಲಸಕ್ಕೆ ಈ ಯಾವ ತೊಡಕೂ ಇಲ್ಲ.

ವೇಗವನ್ನು ನಿಜವಾಗಿ ಸವಿಯಬೇಕೆಂಬವರಿಗೆ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಕರಿವರ್ಧನ್ ಅವರು 1995ರಲ್ಲಿ ಪುಟ್ಟ ವಿಮಾನದ ಅಪಘಾತದಲ್ಲಿ ತೀರಿಕೊಂಡ ಬಳಿಕ, ಅವರ ಹೆಸರಿನಲ್ಲಿ 2003ರಲ್ಲಿ ಆರಂಭವಾದ, ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್ ಅದು. ಕೊಯಮತ್ತೂರಿನ ಎಲ್‌ಜಿಬಿ ಸಂಸ್ಥೆಯ ಹೆಸರು ಹೊತ್ತ ಫಾರ್ಮುಲಾ ಕಾರುಗಳು ಅಲ್ಲಿ ಓಡುವುದು ಮಾರುತಿಯ 1.3 ಲೀಟರ್ ಎಂಜಿನ್ ಬಲದಿಂದಲೇ. ರಾಷ್ಟ್ರೀಯ ಸ್ಪರ್ಧೆಯ ದಿನ ಟಿಕೆಟ್ ಪಡೆದು ಹೋಗಿ, ಸಾಧ್ಯವಾದಷ್ಟು ಹತ್ತಿರದಿಂದ ಮೆಕ್ಯಾನಿಕರ ಕೆಲಸವನ್ನು ನೋಡಬೇಕು. ಅವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಹೊಸ ಭಾಗಗಳಲ್ಲ. ಟಯರಿನ ಗಾಳಿ ಅಳೆಯುವ ಮಾಪಕ, ಟಾರ್ಕ್ ಸ್ಪ್ಯಾನರ್ ಮತ್ತು ಪ್ರತಿ ಸುತ್ತಿನ ಸಮಯ ಬರೆದಿಟ್ಟ ಹಾಳೆ.