ಬಸ್ ನಿಲ್ದಾಣದಲ್ಲಿ ಗ್ರಂಥ ಸ್ವೀಕಾರ: ಕೊರಟಗೆರೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಪುಸ್ತಕವನ್ನು ಎರವಲು ಕೊಡುವ ಕ್ರಮವನ್ನು ಕುರಿತು ಗ್ರಂಥಾಲಯಶಾಸ್ತ್ರದಲ್ಲಿ ವಿಸ್ತಾರವಾದ ಚರ್ಚೆಯುಂಟು. ಕೊಟ್ಟ ಪುಸ್ತಕವು ಹಿಂದಿರುಗಿ ಬರುವ ದಾರಿಯನ್ನು ಕುರಿತು ಅಷ್ಟು ಚರ್ಚೆ ನಡೆದಂತೆ ತೋರುವುದಿಲ್ಲ. ಆದರೆ ಪ್ರತಿಗಳು ಕಡಮೆಯಿರುವ ನಮ್ಮ ಗ್ರಂಥಾಲಯಗಳಲ್ಲಿ ಒಂದು ಪುಸ್ತಕ ಎಷ್ಟು ಮಂದಿಗೆ ಒದಗುವುದೆಂಬುದು ಬಹುಮಟ್ಟಿಗೆ ಈ ಹಿಂದಿರುಗುವಿಕೆಯನ್ನೇ ಅವಲಂಬಿಸಿದೆ. ಪ್ರಸ್ತುತ ಲೇಖನದ ವಿಷಯ ಅದು.

ಒಂದು ಸರಳವಾದ ಲೆಕ್ಕದಿಂದ ಪ್ರಾರಂಭಿಸೋಣ. ಎರವಲಿನ ಅವಧಿ 15 ದಿನವೆಂದೂ, ಪುಸ್ತಕ ಬಂದ ದಿನವೇ ಮತ್ತೊಬ್ಬರು ಅದನ್ನು ಕೊಂಡೊಯ್ಯುವರೆಂದೂ ಭಾವಿಸಿದರೆ, ಒಂದು ಪ್ರತಿ ವರ್ಷದಲ್ಲಿ 24 ಮಂದಿಗೆ ದೊರೆಯುತ್ತದೆ. ಪ್ರತಿಯೊಬ್ಬರೂ 10 ದಿನ ತಡಮಾಡಿದರೆ ಅದೇ ಪ್ರತಿ 14 ಮಂದಿಗೆ ಮಾತ್ರ ದೊರೆಯುತ್ತದೆ. ಉಳಿದ ಹತ್ತು ಮಂದಿ ಯಾರೆಂದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಅವರು ಬಂದು ಕೇಳಿ, ಇಲ್ಲವೆಂಬ ಉತ್ತರ ಪಡೆದು ಹೋದವರು. ತಡಮಾಡಿದವನಿಗೆ ವಿಧಿಸುವ ದಂಡದಿಂದ ಇವರಿಗೆ ಯಾವ ಪ್ರಯೋಜನವೂ ಇಲ್ಲ. ಅಷ್ಟೇ ಅಲ್ಲ, ದಂಡ ಬೆಳೆದಷ್ಟೂ ಬಡ ವಿದ್ಯಾರ್ಥಿ ಗ್ರಂಥಾಲಯದ ಬಾಗಿಲಿಗೆ ಬರಲು ಅಂಜುತ್ತಾನೆ. ಪುಸ್ತಕವೂ ಬಾರದು, ಓದುಗನೂ ಬಾರನು.

ತಡವಾಗುವುದೆಲ್ಲ ಅಲಕ್ಷ್ಯದಿಂದಲೇ ಎಂದು ಹೇಳುವುದು ನ್ಯಾಯವಲ್ಲ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕನ್ನು ನೋಡಿರಿ. ಕಸಬಾ, ಹೊಳವನಹಳ್ಳಿ, ಕೋಳಾಲ, ಚನ್ನರಾಯನದುರ್ಗ ಎಂಬ ನಾಲ್ಕು ಹೋಬಳಿಗಳ ಈ ತಾಲ್ಲೂಕಿನ ಕೇಂದ್ರಸ್ಥಳವು ತುಮಕೂರಿನಿಂದ ಮಧುಗಿರಿಗೆ ಹೋಗುವ ಹೆದ್ದಾರಿಯಲ್ಲಿದೆ. ತುಮಕೂರಿಗೂ ಅದಕ್ಕೂ ಸುಮಾರು 26 ಕಿಲೋಮೀಟರು ಅಂತರ. ತುಮಕೂರು–ರಾಯದುರ್ಗ ರೈಲುಮಾರ್ಗವು ಈ ತಾಲ್ಲೂಕನ್ನು ಹಾದುಹೋಗುವಂತೆ ಯೋಜಿತವಾಗಿದೆಯಾದರೂ, ಇಲ್ಲಿನ ಜನರ ನಿತ್ಯಸಂಚಾರಕ್ಕೆ ಬಸ್ಸೇ ಆಧಾರ. ಹಳ್ಳಿಯಿಂದ ಹೊರಟು ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿ ತುಮಕೂರಿನ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಆಕೆ ಪೇಟೆಯನ್ನು ದಾಟುವಾಗ ಗ್ರಂಥಾಲಯದ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಸಂಜೆ ಮರಳುವಾಗ ಊರಿನ ಕಡೆಯ ಬಸ್ಸು ತಪ್ಪೀತೆಂಬ ಆತಂಕ. ಪುಸ್ತಕ ಕೈಚೀಲದಲ್ಲಿಯೇ ಇದ್ದರೂ ಅದನ್ನು ಕೊಡಲು ಆಕೆಗೆ ಅವಕಾಶವಿಲ್ಲ. ಸ್ತ್ರೀಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಪ್ರಯಾಣದ ವೆಚ್ಚ ತಪ್ಪಿತು. ವೇಳೆಯ ಅಡಚಣೆ ಉಳಿಯಿತು.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂದು ವಿಧಿಸುತ್ತದೆ. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯವು ಹಳ್ಳಿಗಳಿಗೆ ಹೊರಟಿತು. ಅದಕ್ಕೂ ಮುನ್ನ, ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದಲ್ಲಿ, 1910ರಲ್ಲಿ ಅಮೆರಿಕದಿಂದ ಬಂದ ಬೋರ್ಡನ್ ರೂಪಿಸಿದ ವ್ಯವಸ್ಥೆಯಂತೆ, ಪುಸ್ತಕದ ಪೆಟ್ಟಿಗೆಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಈಗ ಜಪಾನಿನ ಅನೇಕ ಪಟ್ಟಣಗಳಲ್ಲಿ ರೈಲು ನಿಲ್ದಾಣದ ಬಳಿಯೇ ಪುಸ್ತಕ ಹಿಂದಿರುಗಿಸುವ ಪೆಟ್ಟಿಗೆಗಳಿವೆ. ಇವೆಲ್ಲದರ ಹಿಂದಿರುವ ತತ್ತ್ವ ಒಂದೇ: ಜನರು ಸಹಜವಾಗಿ ನಡೆದಾಡುವ ದಾರಿಯನ್ನು ಗ್ರಂಥಾಲಯವೇ ಹುಡುಕಿಕೊಂಡು ಹೋಗಬೇಕು.

ಇಂತಹ ಸ್ವೀಕಾರ ಪೆಟ್ಟಿಗೆಯೊಂದನ್ನು ಕೊರಟಗೆರೆಯ ನಿಲ್ದಾಣದಲ್ಲಿ ಇಡುವುದಾದರೆ ಅದರ ವ್ಯವಹಾರ ಹೇಗಿರಬೇಕು? ಅಂಚೆಯ ಡಬ್ಬಿಯೇ ಇದಕ್ಕೆ ಉತ್ತಮ ಮಾದರಿ. ಹಾಕಿದ ಕಾಗದವನ್ನು ಯಾವ ವೇಳೆಗೆ ತೆಗೆಯುವರೆಂದು ಡಬ್ಬಿಯ ಮೇಲೆಯೇ ಬರೆದಿರುವುದರಿಂದ ಜನರಿಗೆ ನಂಬಿಕೆ ಹುಟ್ಟುತ್ತದೆ. ಪುಸ್ತಕದ ಪೆಟ್ಟಿಗೆಯೂ ಬೀಗಹಾಕಿದ ಲೋಹದ ಪೆಟ್ಟಿಗೆಯಾಗಿರಬೇಕು. ಮಳೆಯ ಎರಚಲು ಒಳಹೋಗದಂತೆ ಬಾಯಿಗೆ ಮುಚ್ಚಳವಿರಬೇಕು. ಕೈ ಹಾಕಿ ಪುಸ್ತಕ ತೆಗೆಯಲು ಬಾರದಷ್ಟು ಆಳವಿರಬೇಕು. ಬಿದ್ದ ಪುಸ್ತಕದ ಬೆನ್ನು ಮುರಿಯದಂತೆ ಒಳಗೆ ಇಳಿಜಾರಾದ ಹಲಗೆಯಿರಬೇಕು. ಸರ್ಕಾರಿ ಬಸ್ಸುಗಳೂ ಖಾಸಗಿ ಬಸ್ಸುಗಳೂ ಒಂದೇ ಕಡೆ ನಿಲ್ಲದಿದ್ದರೆ, ಜನರು ವಾಸ್ತವವಾಗಿ ಕಾಯುವ ಸ್ಥಳವನ್ನು ನೋಡಿ ಪೆಟ್ಟಿಗೆಯನ್ನು ಇಡಬೇಕು.

ಪೆಟ್ಟಿಗೆಗೆ ಬಿದ್ದ ಮಾತ್ರಕ್ಕೆ ಪುಸ್ತಕ ಹಿಂದಿರುಗಿತೆಂದು ತಿಳಿಯಬಾರದು; ಕಪಾಟಿಗೆ ಬಂದಾಗಲೇ ಅದು ಹಿಂದಿರುಗಿದಂತೆ. ಪ್ರತಿದಿನ ಪೆಟ್ಟಿಗೆ ತೆಗೆದು ಒಂದು ದಿನವೇ ವ್ಯಯವಾದರೆ ನಮ್ಮ ಲೆಕ್ಕದ ಪ್ರತಿ 22 ಮಂದಿಗೆ ದೊರೆಯುವುದು. ವಾರಕ್ಕೊಮ್ಮೆ ತೆಗೆದು ಪುಸ್ತಕವು ಏಳು ದಿನ ಒಳಗೇ ಕುಳಿತರೆ 16 ಮಂದಿಗೆ ಮಾತ್ರ. ಅಂದರೆ ತೆಗೆಯದ ಪೆಟ್ಟಿಗೆಯು ತಡಮಾಡುವ ಓದುಗನಿಗೆ ಸಮಾನ. ಬೆಳಿಗ್ಗೆ ತೆಗೆದ ಪುಸ್ತಕಗಳಿಗೆಲ್ಲ ಹಿಂದಿನ ದಿನದ ತಾರೀಖನ್ನೇ ಹಾಕುವುದು ನ್ಯಾಯವಾದ ನಿಯಮ. ರಾತ್ರಿಯ ವಿಳಂಬಕ್ಕೆ ಓದುಗನು ಹೊಣೆಯಲ್ಲ. ಪುಸ್ತಕದ ಪರಿಗ್ರಹಣ ಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದು, ಇಬ್ಬರ ಸಮಕ್ಷಮದಲ್ಲಿ ಸಹಿಮಾಡುವುದರಿಂದ ಮುಂದಿನ ತಕರಾರುಗಳಿಗೆ ಎಡೆಯಿರುವುದಿಲ್ಲ.

ಕಷ್ಟವಿರುವುದು ಮತ್ತೊಂದೆಡೆ. ಒಂದೇ ಪೆಟ್ಟಿಗೆಯೊಳಗೆ ಪೇಟೆಯ ಗ್ರಂಥಾಲಯದ ಪುಸ್ತಕ, ಕಾಲೇಜಿನ ಪುಸ್ತಕ, ಹಳ್ಳಿಯ ಪುಸ್ತಕ ಮೂರೂ ಬೀಳುತ್ತವೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಕರವೂ ಪ್ರತ್ಯೇಕ ಇಲಾಖೆಯೂ ಏರ್ಪಟ್ಟವು. ಆದರೆ 2019ರಲ್ಲಿ ಐದು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಹೀಗಾಗಿ ಪೇಟೆಯ ಪುಸ್ತಕಕ್ಕೆ ಒಂದು ಇಲಾಖೆ, ಹಳ್ಳಿಯ ಪುಸ್ತಕಕ್ಕೆ ಇನ್ನೊಂದು, ನಿಲ್ದಾಣದ ನೆಲಕ್ಕೆ ಸಾರಿಗೆ ಸಂಸ್ಥೆ. ಓದುಗನಿಗೆ ಈ ಭೇದ ಗೊತ್ತಿರಬೇಕಾದ ಕಾರಣವಿಲ್ಲ. ಮೊಹರನ್ನು ನೋಡಿ ಪುಸ್ತಕಗಳನ್ನು ವಿಂಗಡಿಸಿ ಆಯಾ ಗ್ರಂಥಾಲಯಕ್ಕೆ ತಲಪಿಸುವ ಹೊಣೆಯನ್ನು ಒಬ್ಬರಿಗೆ ಲಿಖಿತವಾಗಿ ವಹಿಸದಿದ್ದರೆ, ಪೆಟ್ಟಿಗೆಯು ಕಳೆದ ಪುಸ್ತಕಗಳ ಉಗ್ರಾಣವಾಗುವುದು ನಿಶ್ಚಯ. ತಲಪಿಸುವ ಸಾಧನವಂತೂ ದುರ್ಲಭವಲ್ಲ. ಪತ್ರಿಕೆಯ ಕಟ್ಟುಗಳು ಬಸ್ಸಿನಲ್ಲಿ ಊರೂರಿಗೆ ಹೋಗುವುದನ್ನು ನಾವು ಕಂಡಿದ್ದೇವೆ. ರಾಜ್ಯ ಸಾರಿಗೆ ಸಂಸ್ಥೆಯು 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಸರಕು ಸಾಗಣೆ ಸೇವೆಯನ್ನೂ ಆರಂಭಿಸಿತು. ಹೊಳವನಹಳ್ಳಿಯ ಪುಸ್ತಕದ ಕಟ್ಟು ಹೊಳವನಹಳ್ಳಿಯ ಬಸ್ಸಿನಲ್ಲಿಯೇ ಹೋಗಬಹುದು.

ಬೆಲೆಯುಳ್ಳ ಪುಸ್ತಕಗಳು ಕಳವಾಗಬಹುದೆಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಆಕರ ಗ್ರಂಥಗಳನ್ನೂ ದುಬಾರಿಯಾದ ಪಠ್ಯಗಳನ್ನೂ ಪೆಟ್ಟಿಗೆಗೆ ಹಾಕದೆ ಕೈಯಿಂದ ಕೈಗೇ ಒಪ್ಪಿಸಬೇಕೆಂದು ನಿಯಮಿಸಬಹುದು. ಉಳಿದವುಗಳ ವಿಷಯದಲ್ಲಿ, ಮನೆಯ ಅಟ್ಟದಲ್ಲಿ ಉಳಿದುಹೋಗುವ ಪುಸ್ತಕವೂ ಗ್ರಂಥಾಲಯದ ಪಾಲಿಗೆ ಕಳವಾದಂತೆಯೇ ಎಂಬುದನ್ನು ತೂಗಿ ನೋಡಬೇಕು.

ಇಂತಹ ಏರ್ಪಾಡನ್ನು ಊಹೆಯ ಮೇಲೆ ನಿಲ್ಲಿಸುವುದು ಉಚಿತವಲ್ಲ. ನಮ್ಮ ವಿದ್ಯಾರ್ಥಿಗಳು ಮೊದಲು ಮೂರು ತಿಂಗಳ ಕಾಲ ಒಂದು ಗ್ರಂಥಾಲಯದ ವಹಿಯನ್ನು ಹಿಡಿದು, ತಡವಾಗಿ ಬಂದ ಪುಸ್ತಕಗಳು ಯಾವ ಊರಿನವು, ಎಷ್ಟು ದಿನ ತಡವಾದವು, ಓದುಗನು ಬರುವ ಬಸ್ಸಿನ ವೇಳೆಯೇನು ಎಂಬುದನ್ನು ಪಟ್ಟಿಮಾಡಲಿ. ಆಮೇಲೆ ಪೆಟ್ಟಿಗೆಯನ್ನಿಟ್ಟು ಮತ್ತೆ ಮೂರು ತಿಂಗಳು ಅದೇ ಪಟ್ಟಿಯನ್ನು ಬರೆಯಲಿ. ಎರಡನ್ನೂ ಎದುರೆದುರಿಗಿಟ್ಟಾಗ ಪೆಟ್ಟಿಗೆಯ ಬೆಲೆಯೂ ಅದರ ಕೊರತೆಯೂ ತಾವಾಗಿಯೇ ತಿಳಿಯುವುವು. ಕೇಳಿ ಬರಿಗೈಯಲ್ಲಿ ಹೋದ ಆ ಹತ್ತು ಮಂದಿಯಲ್ಲಿ ಐವರಿಗಾದರೂ ಪುಸ್ತಕ ದೊರೆಯಿತೆಂದು ಆ ಪಟ್ಟಿ ತೋರಿಸಿದರೆ, ಒಂದು ಲೋಹದ ಪೆಟ್ಟಿಗೆಗೂ ದಿನದ ಅರ್ಧ ಗಂಟೆಯ ಕೆಲಸಕ್ಕೂ ಅದು ಸಾಕಷ್ಟು ಪ್ರತಿಫಲವೆಂದು ನಾವು ಭಾವಿಸುತ್ತೇವೆ.