ಗಾಡ್‌ಫಾದರ್‌ನ ಊರವರು, ನಮ್ಮ ತಾಂಡಾದವರು

ಬೆಳಗಿನ ಜಾವ. ಚಿಂಚೋಳಿ ಬಸ್ ನಿಲ್ದಾಣ. ಸೇಡಂ ಬಸ್ಸಿಗೆ ಕಾದು ನಿಂತ ಹುಡುಗನ ಬಗಲಲ್ಲಿ ಒಂದು ಚೀಲ. ಅದರೊಳಗೆ ಎರಡು ಜೊತೆ ಬಟ್ಟೆ, ರೊಟ್ಟಿ, ಶೇಂಗಾ ಹಿಂಡಿ. "ಎಲ್ಲಿಗಿ ಹೊಂಟಿಯೋ ತಮ್ಮಾ?" ಎಂದರೆ "ಪುಣೆಕ್ಕ ರೀ ಕಾಕಾ, ಬಿಲ್ಡಿಂಗ್ ಕೆಲಸಕ್ಕ" ಎನ್ನುತ್ತಾನೆ. "ಯಾವ ಊರು?" ಎಂದರೆ ಒಂದು ಗಳಿಗೆ ಸುಮ್ಮನಿದ್ದು ಪಕ್ಕದ ಹಳ್ಳಿಯ ಹೆಸರು ಹೇಳುತ್ತಾನೆ. ತನ್ನ ತಾಂಡಾದ ಹೆಸರು ಹೇಳುವುದಿಲ್ಲ!

ಆ ಒಂದು ಗಳಿಗೆಯ ಮೌನ ಇದೆಯಲ್ಲ ಮಿತ್ರರೇ, ಅದರ ಮೇಲೆ ಒಂದು ಸಿನಿಮಾ ತೆಗೆಯಬಹುದು. ಹಾಲಿವುಡ್ಡಿನವರು ಅಂಥ ಮೌನದಿಂದಲೇ ಸಿನಿಮಾ ತೆಗೆದರು, ಕೋಟಿ ಕೋಟಿ ಬಾಚಿದರು, ಆಸ್ಕರ್ ಹೊತ್ತರು. ಆ ಕಥೆ ಕೇಳಿ.

ಹಡಗು ಹತ್ತಿದ ಜನ

'ಗಾಡ್‌ಫಾದರ್' ಹೆಸರು ಕೇಳದ ಚಿತ್ರರಸಿಕನುಂಟೇ? ಅದರ ಎರಡನೇ ಭಾಗದಲ್ಲಿ (1974) ಒಂದು ದೃಶ್ಯವಿದೆ. ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡ ಹುಡುಗ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಇಳಿಯುತ್ತಾನೆ. ಅಧಿಕಾರಿ ಅವನ ಅಡ್ಡಹೆಸರು ಬರೆಯಬೇಕಾದಲ್ಲಿ ಊರಿನ ಹೆಸರು ಗೀಚಿಬಿಡುತ್ತಾನೆ. ವಿಟೋ ಆಂಡೋಲಿನಿ ಆ ಕ್ಷಣದಿಂದ ವಿಟೋ ಕೊರ್ಲಿಯೋನ್!

ಇದು ಕಟ್ಟುಕಥೆ. ಆದರೆ ಅದರ ಹಿಂದಿನ ಜನಸಾಗರ ನಿಜ. 1880ರಿಂದ 1924ರವರೆಗೆ 40 ಲಕ್ಷಕ್ಕೂ ಹೆಚ್ಚು ಇಟಲಿಯವರು ಅಮೆರಿಕಕ್ಕೆ ವಲಸೆ ಹೋದರು. ಬಹುಪಾಲು ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಕಡೆಯ ಬಡ ರೈತರು. ಹಡಗಿನ ತಳದ ಅಗ್ಗದ ದರ್ಜೆಯಲ್ಲಿ ಕುರಿಗಳಂತೆ ಒತ್ತಿಕೊಂಡು ಹೋದವರು. ಅಲ್ಲಿ ಸಿಕ್ಕಿದ್ದೇನು? ಸುರಂಗ ಅಗೆಯುವುದು, ಕಲ್ಲು ಹೊರುವುದು, ಬಟ್ಟೆ ಹೊಲಿಯುವುದು. ಜೊತೆಗೆ ಬೈಗುಳ. 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನರ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. 1924ರಲ್ಲಿ ಸರ್ಕಾರವೇ ಕಾಯ್ದೆ ತಂದು ಇಂಥ ವಲಸೆಗೆ ಬಾಗಿಲು ಬಹುಪಾಲು ಮುಚ್ಚಿತು.

ಹೆಸರು ಬಚ್ಚಿಟ್ಟ ತಾರೆಯರು

ಹೀಗಿರುವಾಗ ಹೆಸರು ಹೇಳಲು ಯಾರಿಗೆ ಧೈರ್ಯ? ದೀನೋ ಕ್ರೊಚೆಟ್ಟಿ ಎಂಬ ಹುಡುಗ ಗಾಯಕ-ನಟನಾದಾಗ ಡೀನ್ ಮಾರ್ಟಿನ್ ಆದ. ಖ್ಯಾತ ನಟಿ ಆನ್ ಬ್ಯಾಂಕ್ರಾಫ್ಟ್ ಹುಟ್ಟುಹೆಸರಿನ ಕೊನೆಯಲ್ಲಿದ್ದ ಪದ 'ಇಟಾಲಿಯಾನೋ'. ಅದೇ ಹೋಯಿತು ನೋಡ್ರಿ!

ಅವರಿಗೂ ಹಿಂದೆ ರುಡಾಲ್ಫ್ ವ್ಯಾಲೆಂಟಿನೋ. 1913ರಲ್ಲಿ ನ್ಯೂಯಾರ್ಕಿಗೆ ಬಂದು ತಟ್ಟೆ ತೊಳೆದ, ತೋಟದ ಕೆಲಸ ಮಾಡಿದ ತರುಣ. 1921ರಲ್ಲಿ 'ದಿ ಶೇಖ್' ಮೂಕಿ ಚಿತ್ರದಲ್ಲಿ ಅರಬ್ ದೊರೆಯಾಗಿ ಬಂದದ್ದೇ ತಡ, ಹೆಂಗಳೆಯರು ಹುಚ್ಚೆದ್ದರು. 1926ರಲ್ಲಿ, ಬರೀ 31ರ ಪ್ರಾಯದಲ್ಲಿ ತೀರಿಕೊಂಡಾಗ ನ್ಯೂಯಾರ್ಕಿನ ಬೀದಿ ತುಂಬ ಜನ! ಇಟಲಿಯ ಹುಡುಗ ಜಗತ್ತನ್ನು ಗೆದ್ದದ್ದು ಅರಬನ ವೇಷದಲ್ಲಿ.

ಅದೇ ಇಟಾಲಿಯನ್ ಡಾನ್ ಪಾತ್ರ ಬಂದಾಗ? 'ಲಿಟ್ಲ್ ಸೀಸರ್' (1931) ಚಿತ್ರದ ಎಡ್ವರ್ಡ್ ಜಿ. ರಾಬಿನ್ಸನ್ ರುಮೇನಿಯಾದಲ್ಲಿ ಹುಟ್ಟಿದ ಯಹೂದಿ. 'ಸ್ಕಾರ್‌ಫೇಸ್' (1932) ನಾಯಕ ಪಾಲ್ ಮುನಿ ಕೂಡ ಯಹೂದಿಯೇ. ಪಿಸ್ತೂಲು ಹಿಡಿದ ಇಟಾಲಿಯನ್ ಪಾತ್ರ ತೆರೆಯ ತುಂಬ, ಅದನ್ನು ಆಡುವ ಇಟಾಲಿಯನ್ ಮಾತ್ರ ಇಲ್ಲ!

ಬಸ್ಸಿನ ಕಥೆ ಹೇಳಿದ ಸಿಸಿಲಿ ಹುಡುಗ

ಈ ಪತ್ರಿಕೆಯನ್ನು ನೀವು ಕೊಂಡದ್ದು ಬಸ್ ನಿಲ್ದಾಣದಲ್ಲಿ. ಹಾಗಾಗಿ ಈ ಮಾತು ನಿಮಗೇ. ಬಸ್ಸಿನಲ್ಲಿ ಜಗಳವಾಡುತ್ತಾ ಪ್ರೀತಿಗೆ ಬೀಳುವ ಜೋಡಿಯ ಕಥೆ ಕಂಡಿದ್ದೀರಲ್ಲ? ರಾಜ್ ಕಪೂರ್-ನರ್ಗಿಸ್‌ರ 'ಚೋರಿ ಚೋರಿ' (1956), ಆಮೀರ್ ಖಾನ್‌ನ 'ದಿಲ್ ಹೈ ಕೆ ಮಾನ್ತಾ ನಹೀಂ' (1991)... ಎರಡಕ್ಕೂ ತಾಯಿಬೇರು 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'. ಐದು ಆಸ್ಕರ್ ಗೆದ್ದ ಆ ಚಿತ್ರದ ನಿರ್ದೇಶಕ ಫ್ರಾಂಕ್ ಕಾಪ್ರಾ ಸಿಸಿಲಿಯ ಹಳ್ಳಿಯಲ್ಲಿ 1897ರಲ್ಲಿ ಹುಟ್ಟಿ, 1903ರಲ್ಲಿ ತಂದೆ-ತಾಯಿಯ ಜೊತೆ ಹಡಗು ಹತ್ತಿದವನು. ಪೇಪರ್ ಮಾರಿ ಓದಿದವನು. ಆದರೆ ಅವನು ಹೇಳಿದ್ದು ಹೆಚ್ಚಾಗಿ ಅಮೆರಿಕದವರ ಕಥೆ. ತನ್ನ ಕೇರಿಯ ಕಥೆಗೆ ಇನ್ನೂ ಹೊತ್ತು ಬಂದಿರಲಿಲ್ಲ.

ಬಂದಿತು ಸರದಿ!

ಹೊತ್ತು ಬಂದದ್ದು ಮೊಮ್ಮಕ್ಕಳ ಕಾಲಕ್ಕೆ. 1972ರಲ್ಲಿ 'ಗಾಡ್‌ಫಾದರ್'. ಕಾದಂಬರಿ ಬರೆದ ಮಾರಿಯೋ ಪೂಜೋ ವಲಸೆಗಾರರ ಮಗ. ನಿರ್ದೇಶಕ ಫ್ರಾನ್ಸಿಸ್ ಕೊಪ್ಪೋಲಾ ಇಟಲಿ ಮೂಲದವನು. ಆಲ್ ಪಚಿನೋನ ತಾಯಿಯ ತಂದೆ-ತಾಯಿಯ ಮೂಲ ನಿಜವಾದ ಕೊರ್ಲಿಯೋನ್ ಊರು! ಚಿತ್ರೀಕರಣಕ್ಕೆ ಮುನ್ನ ಗಲಾಟೆಯೂ ಆಯಿತು. "ನಮ್ಮ ಜನರನ್ನೆಲ್ಲ ಗೂಂಡಾಗಳೆಂದು ತೋರಿಸಬೇಡಿ" ಎಂದು ಇಟಾಲಿಯನ್ನರ ಸಂಘಟನೆಯೊಂದು ಅಡ್ಡ ನಿಂತಿತು. ನಿರ್ಮಾಪಕ ಚಿತ್ರಕಥೆಯಿಂದ 'ಮಾಫಿಯಾ' ಎಂಬ ಪದ ತೆಗೆಯಲು ಒಪ್ಪಿದ. ತಮಾಷೆ ಏನೆಂದರೆ, ಆ ಸಂಘಟನೆ ಕಟ್ಟಿದ ಜೋ ಕೊಲಂಬೋ ಸ್ವತಃ ಮಾಫಿಯಾ ದೊರೆ!

1976ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ 'ರಾಕಿ' ತಂದ. ಕೈಯಲ್ಲಿ ಕಾಸಿಲ್ಲದಿದ್ದರೂ "ನಾನೇ ನಾಯಕನಾದರೆ ಮಾತ್ರ ಕಥೆ ಕೊಡುತ್ತೇನೆ" ಎಂದು ಪಟ್ಟು ಹಿಡಿದ ಗಂಡುಗಲಿ. ಅತ್ಯುತ್ತಮ ಚಿತ್ರದ ಆಸ್ಕರ್ ಅವನ ಚಿತ್ರಕ್ಕೇ ಬಂತು. ಅಲ್ಲಿಗೆ ಇಟಾಲಿಯನ್ ಹೆಸರು ನಾಚಿಕೆಯಲ್ಲ, ಪೋಸ್ಟರಿನ ಮೇಲಿನ ಬೆಲೆ ಆಯಿತು.

ಎತ್ತಿನ ಹೇರಿನೊಂದಿಗೆ ಬಂದವರು

ಈಗ ಮರಳಿ ಚಿಂಚೋಳಿಗೆ. ನಮ್ಮ ಲಂಬಾಣಿಗಳು ಕಡಲು ದಾಟಿ ಬಂದವರಲ್ಲ, ಇದೇ ದೇಶದವರು. ಆದರೆ ಅವರದೂ ದೂರದ ದಾರಿ. ರಾಜಸ್ಥಾನದ ಕಡೆಯಿಂದ ಉಪ್ಪು, ಧಾನ್ಯ ಎತ್ತುಗಳ ಮೇಲೆ ಹೇರಿಕೊಂಡು, ಮೊಗಲರ ದಂಡಿಗೆ ದವಸ ಒದಗಿಸುತ್ತಾ ದಖ್ಖನ್ನಿಗೆ ಬಂದವರು. ಮನೆಯಲ್ಲಿ ಗೋರ್ ಬೋಲಿ, ಸಂತೆಯಲ್ಲಿ ಕನ್ನಡ. ಅವ್ವನಿಗೆ 'ಯಾಡಿ' ಎನ್ನುವ ಜನ.

ಆಮೇಲೆ ರೈಲು ಬಂತು. 1871ರ ಹೊತ್ತಿಗೆ ಮುಂಬಯಿ-ಮದರಾಸು ಹಳಿ ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ ಹೊರಟಿತು. ಸಾವಿರ ಎತ್ತು ಹೊರುವ ಹೇರನ್ನು ಒಂದು ಗಾಡಿ ಎಳೆದರೆ ಎತ್ತಿನವನ ಗತಿ ಏನು? ವ್ಯಾಪಾರ ನೆಲಕಚ್ಚಿತು. ಅದೇ 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಅಲೆಮಾರಿ ಜನರನ್ನು ಹುಟ್ಟಿನಿಂದಲೇ 'ಅಪರಾಧಿ'ಗಳೆಂದಿತು. ಹಲವು ಕಡೆ ಲಂಬಾಣಿಗಳಿಗೂ ಆ ಮುದ್ರೆ ಬಿತ್ತು. ಅದು ರದ್ದಾದದ್ದು 1952ರಲ್ಲಿ. ಸ್ವಂತ ಮನೆಯ ಕಾಗದವೂ ಎಷ್ಟೋ ತಾಂಡಾಗಳಿಗೆ ಇರಲಿಲ್ಲ. 2023ರ ಜನವರಿಯಲ್ಲಿ ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿಯ ಕೈಯಿಂದ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆಗೆ ಚಾಲನೆ ಸಿಕ್ಕಿತು.

ವಿಚಿತ್ರ ನೋಡಿ! ಯಾವ ರೈಲು ಮುತ್ತಜ್ಜನ ಎತ್ತುಗಳನ್ನು ಕಸಿಯಿತೋ, ಅದೇ ರೈಲು ಇಂದು ಮರಿಮಗನನ್ನು ವಾಡಿಯಿಂದ ಪುಣೆ-ಮುಂಬಯಿಗೆ ಒಯ್ಯುತ್ತಿದೆ.

ಮತ್ತೆ ನಮ್ಮ ಬೆಳ್ಳಿತೆರೆ? ಕನ್ನಡಿ ಹೊಲಿದ ಕಾಂಚಳಿ, ಗೇರುಬಣ್ಣದ ಫೇಟಿಯಾ, ಕೈತುಂಬ ಬಳೆ... ಒಂದು ಗುಂಪು ನೃತ್ಯ, ನಾಯಕ-ನಾಯಕಿ ಮಾರುವೇಷದಲ್ಲಿ ಕುಣಿದರೆ ಮುಗಿಯಿತು! ಹಾಡು ಮುಗಿದ ಮೇಲೆ ಆ ಉಡುಪಿನೊಳಗಿನ ಮನುಷ್ಯರು ಎಲ್ಲಿ ಹೋದರು? ಅವರ ಮನೆ, ಸಾಲ, ಪ್ರೀತಿ, ಸಿಟ್ಟು? ಸಾಹಿತ್ಯದಲ್ಲಿ ತಾಂಡಾದಿಂದ ಬಂದ ಬಿ.ಟಿ. ಲಲಿತಾ ನಾಯಕರು ಕಥೆ ಬರೆದರು, ಮಂತ್ರಿಯೂ ಆದರು. ತೆರೆ ಮಾತ್ರ ಇನ್ನೂ ಬಳೆಯ ಸದ್ದಿನಲ್ಲೇ ನಿಂತಿದೆ.

ಯಾಡಿಯ ಎದುರು ಕ್ಯಾಮೆರಾ

ಕೊನೆಗೆ ಒಂದು ಚಿಕ್ಕ ಚಿತ್ರದ ಮಾತು. ಹೊಡೆದಾಟದ ಚಿತ್ರಗಳಿಗೆ ಹೆಸರಾದ ಮಾರ್ಟಿನ್ ಸ್ಕಾರ್ಸೆಸಿ 1974ರಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದ. ಹೆಸರು 'ಇಟಾಲಿಯನ್‌ಅಮೆರಿಕನ್'. ಒಂದು ಗಂಟೆಯೂ ಇಲ್ಲ. ಸೆಟ್ಟಿಲ್ಲ, ಫೈಟಿಲ್ಲ, ತಾರೆಯರಿಲ್ಲ. ನ್ಯೂಯಾರ್ಕಿನ ಮನೆಯಲ್ಲಿ ಅವನ ಅಪ್ಪ-ಅವ್ವ ಕೂತು ಹಳೆಯ ಕಷ್ಟ ಹೇಳುತ್ತಾರೆ, ಒಬ್ಬರ ಮಾತು ಇನ್ನೊಬ್ಬರು ಕತ್ತರಿಸುತ್ತಾರೆ, ಅವ್ವ ಅಡುಗೆ ಮಾಡುತ್ತಾಳೆ. ಕೊನೆಯಲ್ಲಿ ಹೆಸರುಗಳ ಜೊತೆ ಆಕೆಯ ಮಾಂಸದುಂಡೆ ಸಾರಿನ ವಿಧಾನವನ್ನೂ ತೆರೆಯ ಮೇಲೆ ಕೊಟ್ಟ! ಅಷ್ಟೇ ಚಿತ್ರ. ಆದರೆ ಆ ಇಬ್ಬರ ನಂತರ ಆ ಕಥೆ ಹೇಳುವವರು ಯಾರಿದ್ದರು? ಅವನು ತೆಗೆಯದಿದ್ದರೆ ಹೋಗಿಯೇ ಬಿಡುತ್ತಿತ್ತು.

ತಾಂಡಾದ ತಮ್ಮಾ, ಆ ಕಾಲಕ್ಕೆ ಕ್ಯಾಮೆರಾ ಬೇಕೆಂದರೆ ಮನೆ ಮಾರಬೇಕಿತ್ತು. ಇಂದು ನಿನ್ನ ಅಂಗಿ ಜೇಬಿನ ಫೋನಿನಲ್ಲೇ ಕ್ಯಾಮೆರಾ ಇದೆ. ದೀಪಾವಳಿಗೆ ರಜೆ ಹಾಕಿ ಬರುತ್ತೀಯಲ್ಲ, ಯಾಡಿಯನ್ನು ಒಲೆಯ ಮುಂದೆ ಕೂರಿಸಿ ಒಂದು ಮಾತು ಕೇಳು: "ನಾವು ಎಲ್ಲಿಂದ ಬಂದೆವು?" ಗೋರ್ ಬೋಲಿಯಲ್ಲೇ ಕೇಳು, ಅವಳು ಅದರಲ್ಲೇ ಹೇಳಲಿ.

ಮುಂದಿನ ಸಲ ಬಸ್ ನಿಲ್ದಾಣದಲ್ಲಿ ಯಾರಾದರೂ "ಯಾವ ಊರು?" ಎಂದರೆ ಆ ಒಂದು ಗಳಿಗೆಯ ಮೌನ ಬೇಡ. ತಾಂಡಾದ ಹೆಸರನ್ನೇ ಹೇಳು. ಆ ಹೆಸರು ಒಂದು ದಿನ ಪೋಸ್ಟರಿನ ಮೇಲೆ ಬರಬೇಕಾಗಿದೆ!