ಸೌರ ಬಿರುಗಾಳಿ ಬರುವ ಗಂಟೆ ವಾಟ್ಸಾಪ್‌ಗೆ ಮೊದಲೇ ಗೊತ್ತಾಗುತ್ತದೆಯೇ?

ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಮೊಬೈಲ್ ಸ್ವಿಚ್ ಆಫ್ ಮಾಡಿ, ಪಕ್ಕದಲ್ಲಿ ಇಟ್ಟುಕೊಂಡು ಮಲಗಬೇಡಿ ಎನ್ನುವ ಸಂದೇಶ ನಿಮಗೂ ಒಮ್ಮೆಯಾದರೂ ಬಂದಿರುತ್ತದೆ. ಮಂಗಳ ಗ್ರಹದಿಂದ ಹೊರಟ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆಯಂತೆ. ನಾಸಾ ಹೇಳಿದೆಯಂತೆ, ಬಿಬಿಸಿಯಲ್ಲೂ ಬಂದಿದೆಯಂತೆ. ಹತ್ತು ವರ್ಷಕ್ಕೂ ಮೇಲಾಯಿತು, ಇದು ಇನ್ನೂ ಸುತ್ತುತ್ತಲೇ ಇದೆ. ಅದರಲ್ಲಿ ತಾರೀಖು ಇರುವುದಿಲ್ಲ, ‘ಇವತ್ತು ರಾತ್ರಿ’ ಎಂದಷ್ಟೇ ಇರುತ್ತದೆ. ಹಾಗಾಗಿ ಅದು ಹಳಸುವುದೇ ಇಲ್ಲ.

ಮಂಗಳನ ಕಥೆ ಪೂರ್ತಿ ಸುಳ್ಳು. ಆದರೆ ಇದೇ ಧಾಟಿಯಲ್ಲಿ ಸೌರ ಬಿರುಗಾಳಿಯ ಹೆಸರಿನಲ್ಲಿ ಬರುವ ಸಂದೇಶಗಳನ್ನು ‘ಫೇಕ್’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಕಷ್ಟ. ಏಕೆಂದರೆ ಸೌರ ಬಿರುಗಾಳಿ ನಿಜ. 2024ರ ಮೇ 10ರಂದು ಎರಡು ದಶಕಗಳಲ್ಲೇ ದೊಡ್ಡದೆನ್ನಬಹುದಾದ ಒಂದು ಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಆ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾ ಸೆರೆಹಿಡಿದಿದೆ. ಹಾಗಿದ್ದರೆ ನಿಜ ಎಲ್ಲಿ ಮುಗಿಯುತ್ತದೆ, ಪುಕಾರು ಎಲ್ಲಿ ಶುರುವಾಗುತ್ತದೆ?

ಸೂರ್ಯನಿಂದ ಬೀಸುವ ಗಾಳಿ

ಸೂರ್ಯನಿಂದ ಬರುವುದು ಬೆಳಕು, ಬಿಸಿ ಮಾತ್ರವಲ್ಲ. ವಿದ್ಯುದಾವೇಶ ಹೊತ್ತ ಕಣಗಳು, ಮುಖ್ಯವಾಗಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು, ಎಲ್ಲ ದಿಕ್ಕಿಗೂ ಸದಾ ಹೊರಹರಿಯುತ್ತಿರುತ್ತವೆ. ಇದೇ ಸೌರ ಮಾರುತ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರ್ ಆಸುಪಾಸು. ಗಾಳಿ ಎಂದರೂ ತೀರಾ ತೆಳು: ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ಬೆರಳ ತುದಿಯಷ್ಟು ಜಾಗದಲ್ಲಿ, ಸಿಗುವುದು ಐದಾರು ಪ್ರೋಟಾನ್ ಅಷ್ಟೇ.

ಹೀಗೊಂದು ಗಾಳಿ ಇರಲೇಬೇಕು ಎಂದು 1958ರಲ್ಲಿ ಅಮೆರಿಕದ ಯೂಜೀನ್ ಪಾರ್ಕರ್ ಲೆಕ್ಕ ಹಾಕಿ ಬರೆದಾಗ, ಲೇಖನ ಪರಿಶೀಲಿಸಿದ ತಜ್ಞರು ಒಪ್ಪಲಿಲ್ಲ. ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ರುಚಿಸಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕಟಿಸಿದರು. 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ತಿಂಗಳುಗಟ್ಟಲೆ ಈ ಗಾಳಿಯನ್ನು ಅಳೆಯಿತು. ಪಾರ್ಕರ್ ಹೇಳಿದ್ದು ಸರಿಯಾಗಿತ್ತು. ಅವರ ಹೆಸರಿನ ನೌಕೆಯೇ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ ಸುಮಾರು 61 ಲಕ್ಷ ಕಿಲೋಮೀಟರ್ ಹತ್ತಿರಕ್ಕೆ ಹೋಗಿ ಬಂತು.

ಈ ಗಾಳಿಗೆ ಅಡ್ಡ ನಿಂತಿರುವುದು ಭೂಮಿಯ ಕಾಂತಕ್ಷೇತ್ರ. ಹೊಳೆಯ ಮಧ್ಯದ ಬಂಡೆಯ ಸುತ್ತ ನೀರು ಸೀಳಿ ಹರಿಯುವ ಹಾಗೆ ಸೌರ ಮಾರುತ ಭೂಮಿಯನ್ನು ಬಳಸಿಕೊಂಡು ಹೋಗುತ್ತದೆ. ಸೂರ್ಯನ ಕಡೆಗೆ ಈ ಕಾಂತಕವಚ ಭೂಮಿಯಿಂದ ಸುಮಾರು 65,000 ಕಿಲೋಮೀಟರ್ ದೂರದವರೆಗೆ ಇದೆ. ಹಿಂಬದಿಗೆ ಬಾಲದಂತೆ ಎಳೆದುಕೊಂಡು ಚಂದ್ರನನ್ನೂ ದಾಟುತ್ತದೆ. ಪ್ರತಿ ಹುಣ್ಣಿಮೆಯ ಆಸುಪಾಸಿನ ಕೆಲವು ದಿನ ಚಂದ್ರ ಈ ಬಾಲದೊಳಗೇ ಇರುತ್ತಾನೆ. (ಇದರಿಂದ ನಮ್ಮ ಮೇಲೆ ಏನೂ ಪರಿಣಾಮವಿಲ್ಲ. ದಯವಿಟ್ಟು ಇದನ್ನೂ ಹೊಸ ಫಾರ್ವರ್ಡ್ ಮಾಡಬೇಡಿ.)

ಕವಚಕ್ಕೆ ಒಂದು ದುರ್ಬಲ ಜಾಗ ಇದೆ. ಸೌರ ಮಾರುತ ತನ್ನ ಜತೆಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕಾಂತಕ್ಷೇತ್ರದ ದಿಕ್ಕು ಉತ್ತರಕ್ಕಿದ್ದರೆ ಗಾಳಿ ಬಹುಮಟ್ಟಿಗೆ ಸುಮ್ಮನೆ ಹಾದುಹೋಗುತ್ತದೆ. ದಕ್ಷಿಣಕ್ಕಿದ್ದರೆ ಅದು ಭೂಮಿಯ ಕಾಂತರೇಖೆಗಳೊಂದಿಗೆ ಬೆಸೆದುಕೊಳ್ಳುತ್ತದೆ, ಬಾಗಿಲ ಚಿಲಕ ತೆಗೆದಂತಾಗಿ ಶಕ್ತಿ ಒಳನುಗ್ಗುತ್ತದೆ. ಈ ಬೆಸುಗೆ ಹೇಗೆ ನಡೆಯುತ್ತದೆ ಎಂದು ನೋಡಲೆಂದೇ ನಾಸಾ 2015ರಲ್ಲಿ ಎಂಎಂಎಸ್ ಹೆಸರಿನ ನಾಲ್ಕು ನೌಕೆಗಳನ್ನು ಒಟ್ಟಿಗೆ ಹಾರಿಸಿತು. ಒಂದೇ ನೌಕೆಯಾದರೆ, ಕಂಡ ಬದಲಾವಣೆ ಆ ಜಾಗದ್ದೋ ಆ ಕ್ಷಣದ್ದೋ ತಿಳಿಯುವುದಿಲ್ಲ.

ಕಾವಲು ನಿಂತವರಿಗೆ ಸಿಗುವ ಸಮಯ

ಫಾರ್ವರ್ಡ್‌ನ ಬಣ್ಣ ಬಯಲಾಗುವುದು ಇಲ್ಲೇ.

ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಎಲ್-1 ಎಂಬ ತಾಣವಿದೆ. ಅಲ್ಲಿ ಸುತ್ತುವ ನೌಕೆ ಸದಾ ಸೂರ್ಯನಿಗೂ ಭೂಮಿಗೂ ನಡುವೆಯೇ ಇರುತ್ತದೆ. ಅಮೆರಿಕದ ಏಸ್ 1997ರಿಂದ ಈ ಕೆಲಸದಲ್ಲಿದೆ. 2015ರಲ್ಲಿ ಡಿಸ್ಕವರ್ ಹೋಯಿತು. ಇಸ್ರೋದ ಆದಿತ್ಯ-ಎಲ್1 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು. ಅದರ ಏಳು ಉಪಕರಣಗಳಲ್ಲಿ ಮೂರು ಅಲ್ಲೇ ಹಾದುಹೋಗುವ ಗಾಳಿಯ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತವೆ. ಆ ಕಾಂತಮಾಪಕ ತಯಾರಾಗಿದ್ದು ಬೆಂಗಳೂರಿನಲ್ಲಿ.

ಸೂರ್ಯ ಒಮ್ಮೊಮ್ಮೆ ಕೋಟ್ಯಂತರ ಟನ್ ಕಣಗಳನ್ನು ಒಂದೇ ಸಲ ಉಗುಳುತ್ತಾನೆ. ಅದು ನಮ್ಮನ್ನು ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹೊರಟದ್ದು ದೂರದರ್ಶಕಗಳಿಗೆ ಕಾಣುತ್ತದೆ, ಆದರೆ ಬರುವ ಹೊತ್ತಿನ ಅಂದಾಜು ಹಲವು ಗಂಟೆ ಆಚೀಚೆ ಆಗುವುದು ಮಾಮೂಲು. ಅದಕ್ಕಿಂತ ಮುಖ್ಯವಾಗಿ, ಅದರ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕೋ ಎಂದು ದೂರದಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಅದು ಎಲ್-1ರ ನೌಕೆಯನ್ನು ಮುಟ್ಟಿದಾಗಲೇ ಗೊತ್ತಾಗುವುದು.

ಈಗ ನೀವೇ ಲೆಕ್ಕ ಹಾಕಿ. 15 ಲಕ್ಷ ಕಿಲೋಮೀಟರ್ ದೂರ, ಸೆಕೆಂಡಿಗೆ 400 ಕಿಲೋಮೀಟರ್ ವೇಗ: ಒಂದು ಗಂಟೆಗಿಂತ ತುಸು ಹೆಚ್ಚು. ವೇಗ 800 ಆದರೆ ಬರೀ ಅರ್ಧ ಗಂಟೆ. ಜಗತ್ತಿನ ದೊಡ್ಡ ಬಾಹ್ಯಾಕಾಶ ಸಂಸ್ಥೆಗಳಿಗೇ ಖಚಿತ ಎಚ್ಚರಿಕೆಗೆ ಸಿಗುವ ಸಮಯ ಇಷ್ಟೇ. ಹೀಗಿರುವಾಗ, ಬೆಳಿಗ್ಗೆಯೇ ಗ್ರೂಪಿಗೆ ಬಂದು ಬಿದ್ದ ಸಂದೇಶಕ್ಕೆ ರಾತ್ರಿ ಹನ್ನೆರಡೂವರೆಗೆ ಶುರು, ಮೂರೂವರೆಗೆ ಮುಕ್ತಾಯ ಎಂದು ಹೇಗೆ ತಿಳಿಯಿತು? ಗ್ರಹಣದ ಸಮಯ ನಿಮಿಷ ಸಮೇತ ಹೇಳಬಹುದು. ಸೌರ ಬಿರುಗಾಳಿಯದ್ದು ಆಗುವುದಿಲ್ಲ.

ಮೊಬೈಲ್ ಏಕೆ ಕೆಡುವುದಿಲ್ಲ?

ಬಿರುಗಾಳಿ ಬಂದಾಗ ಭೂಮಿಯ ಕಾಂತಕ್ಷೇತ್ರ ಅಲುಗಾಡುತ್ತದೆ. ಈ ಅಲುಗಾಟದಿಂದ ನೂರಾರು ಕಿಲೋಮೀಟರ್ ಉದ್ದದ ವಿದ್ಯುತ್ ತಂತಿಗಳಲ್ಲಿ ಬೇಡದ ಕರೆಂಟ್ ಹರಿಯುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಹೀಗೇ ಜಾಲ ಕುಸಿದು ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಬೇಕಾದದ್ದು ಉದ್ದ. ಅಂಗೈಯಷ್ಟಿರುವ ನಿಮ್ಮ ಫೋನಿನಲ್ಲಿ ಆ ಉದ್ದ ಎಲ್ಲಿಂದ ಬರಬೇಕು?

ಅಲುಗಾಟದ ಪ್ರಮಾಣವನ್ನೂ ನೋಡಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ. 2024ರ ಮೇ ಬಿರುಗಾಳಿಯ ತೀವ್ರತೆಯ ಸೂಚ್ಯಂಕ 400 ನ್ಯಾನೋಟೆಸ್ಲಾದಷ್ಟು ಕುಸಿದಿತ್ತು, ಅಂದರೆ ನೂರಕ್ಕೆ ಒಂದು ಪಾಲು. ಫೋನಿನ ಸ್ಪೀಕರಿನೊಳಗಿನ ಪುಟ್ಟ ಆಯಸ್ಕಾಂತ ಅದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು, ದಿನವಿಡೀ ಅಲ್ಲೇ ಕೂತಿರುತ್ತದೆ.

ಪೆಟ್ಟು ಬೀಳುವುದು ಬೇರೆ ಕಡೆ. 2022ರ ಫೆಬ್ರವರಿಯಲ್ಲಿ ಒಂದು ಸಾಧಾರಣ ಬಿರುಗಾಳಿಗೆ ಮೇಲಿನ ವಾತಾವರಣ ಕಾದು ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕಕ್ಷೆ ತಲುಪದೆ ಉರಿದುಹೋದವು. 2024ರ ಮೇನಲ್ಲಿ ಅಮೆರಿಕದ ರೈತರ ಜಿಪಿಎಸ್ ನೋಡಿ ಓಡುವ ಟ್ರ್ಯಾಕ್ಟರುಗಳು ಬಿತ್ತನೆಯ ಹೊತ್ತಿನಲ್ಲೇ ಸಾಲು ತಪ್ಪಿದವು. ಅಂಥ ದಿನ ನಿಮ್ಮ ಫೋನಿನ ಮ್ಯಾಪ್ ಕೂಡ ನೀವಿರುವ ಜಾಗವನ್ನು ಸ್ವಲ್ಪ ಆಚೀಚೆ ತೋರಿಸಬಹುದು. ಸ್ವಿಚ್ ಆಫ್ ಮಾಡಿದರೆ ಅದಕ್ಕೆ ಪರಿಹಾರವಿಲ್ಲ.

ಇನ್ನು ಕಾಸ್ಮಿಕ್ ಕಿರಣ. ಅದು ಬರಲು ವಿಶೇಷ ರಾತ್ರಿ ಬೇಕಿಲ್ಲ. ಈ ಸಾಲು ಓದುವಾಗಲೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ ಅದರಿಂದ ಹುಟ್ಟಿದ ಮ್ಯುವಾನ್ ಕಣ ಹಾದುಹೋಗುತ್ತಿದೆ, ನಿಮ್ಮ ಅಜ್ಜಿಯ ಕಾಲದಲ್ಲೂ ಹೋಗುತ್ತಿತ್ತು. ತಮಾಷೆಯೆಂದರೆ, ದೊಡ್ಡ ಸೌರ ಬಿರುಗಾಳಿ ಬಂದಾಗ ದೂರದ ನಕ್ಷತ್ರಲೋಕದಿಂದ ಬರುವ ಕಾಸ್ಮಿಕ್ ಕಿರಣಗಳು ಸಾಮಾನ್ಯವಾಗಿ ಕೆಲವು ದಿನ ಕಡಿಮೆಯಾಗುತ್ತವೆ. ಸೂರ್ಯನಿಂದ ಬಂದ ಕಾಂತಕ್ಷೇತ್ರ ಅವುಗಳನ್ನು ಆಚೆ ತಳ್ಳುತ್ತದೆ.

ಹಾಗಾದರೆ ಒಂದು ರಾತ್ರಿ ಫೋನ್ ಆಫ್ ಮಾಡಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳನ್ನು ನೆನೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಅವರು ಕರೆ ಮಾಡುವುದು ಮಗನ ಅಥವಾ ಮಗಳ ಮೊಬೈಲಿಗೆ. ಆ ಫೋನು ಆನ್ ಇರಲಿ.